ಅಪ್ಪನ ಕೊಬ್ಬು, ನನ್ನ ಕೊಬ್ಬು

ನಮ್ಮ ಮನೆಯಲ್ಲಿ ಯಾರಿಗೂ ಹೊಟ್ಟೆ ಬಂದಿಲ್ಲ. ಅಪ್ಪ ಒಂಟಿಕೊಪ್ಪಲಿನ ಒಂದು ಸಣ್ಣ ಹೋಟೆಲಿನಲ್ಲಿ ದೋಸೆ ಹಾಕುತ್ತಾನೆ. ದಿನಾ ಬೆಳಗಿನಿಂದ ಕಾವಲಿಯ ಮುಂದೆ ನಿಂತು ಬೆಂದು ಒಣಗಿದ್ದಾನೆ. ನಾನು ಮೇಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ವೆಲ್ಡಿಂಗ್ ಮಾಡುತ್ತೇನೆ. ನನ್ನದೂ ಅದೇ ಮೈ. ಹಾಗಾಗಿ ಫ್ಯಾಕ್ಟರಿಯಲ್ಲಿ ಹೆಲ್ತ್ ಚೆಕಪ್ ಅಂತ ಎಲ್ಲರ ರಕ್ತ ತೆಗೆದುಕೊಂಡು ಹೋದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ರಿಪೋರ್ಟ್ ಬಂತು. ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಆದರೂ ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ. ಎಲ್‌ಡಿಎಲ್ ಅಂತ ಇದ್ದ ಕಡೆ ಪಕ್ಕದಲ್ಲಿ ಎಚ್ ಅಂತ ಹಾಕಿದ್ದರು. ಎಚ್‌ಡಿಎಲ್ ಅಂತ ಇದ್ದ ಕಡೆ ಎಲ್ ಅಂತ ಹಾಕಿದ್ದರು. ಟೈಪ್ ಮಾಡಿದವನಿಗೆ ನಿದ್ದೆ ಬಂದಿತ್ತು ಅಂದುಕೊಂಡೆ. ಆಮೇಲೆ ಸೂಪರ್‌ವೈಸರ್ ಹೇಳಿದರು, ಎಚ್ ಅಂದರೆ ಜಾಸ್ತಿ, ಎಲ್ ಅಂದರೆ ಕಮ್ಮಿ ಅಂತ.

"ಕೆಟ್ಟ ಕೊಬ್ಬು ಜಾಸ್ತಿ ಐತೆ, ಒಳ್ಳೇ ಕೊಬ್ಬು ಕಮ್ಮಿ ಐತೆ. ಡಾಕ್ಟ್ರಿಗೆ ತೋರ್ಸು" ಅಂದರು.

ಪಕ್ಕದ ಮೆಷಿನ್ನಿನವನು ಬಿದ್ದು ಬಿದ್ದು ನಕ್ಕ. "ನಿಂಗೆ ಕೊಬ್ಬು ಜಾಸ್ತಿ ಅಂತ ಹೇಳಕ್ಕೆ ರಕ್ತ ಯಾಕೋ ತೆಗೀಬೇಕಿತ್ತು? ನನ್ನ ಕೇಳಿದ್ರೆ ಸುಮ್ನೆ ಹೇಳ್ತಿದ್ದೆ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳ ಕಿವಿಗೆ ಬಿದ್ದದ್ದು ಒಂದೇ, ಒಳ್ಳೇ ಕೊಬ್ಬು ಕಮ್ಮಿ ಇದೆ ಅನ್ನುವುದು. ಬೆಣ್ಣೆ ತರಿಸಿ, ಮನೆಯಲ್ಲೇ ಕಾಯಿಸಿ, ಅನ್ನಕ್ಕೆ ಸುರಿಯತೊಡಗಿದಳು. ಮುದ್ದೆಗೂ ತುಪ್ಪ, ಚಪಾತಿಗೂ ತುಪ್ಪ. "ತಿನ್ನು ಕಣಪ್ಪ, ಅಂಗಡಿ ತುಪ್ಪ ಅಲ್ಲ ಇದು. ಇದಕ್ಕಿಂತ ಒಳ್ಳೇ ಕೊಬ್ಬು ಎಲ್ಲೈತೆ?" ನನಗೂ ಸರಿ ಅನ್ನಿಸಿತು. ಚೆನ್ನಾಗಿ ತಿಂದೆ.

ಯಾದವಗಿರಿಯಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ದಾರೆ. ಅವರಿಗೆ ರಿಪೋರ್ಟ್ ತೋರಿಸಿ, ತುಪ್ಪದ ವಿಷಯವನ್ನೂ ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

"ಅಲ್ಲಪ್ಪಾ, ಅದು ತಿನ್ನೋ ಕೊಬ್ಬಿನ ಹೆಸರಲ್ಲ. ಎರಡೂ ರಕ್ತದಲ್ಲಿ ಓಡಾಡೋವು. ಒಂದು ರಕ್ತನಾಳದ ಗೋಡೆಗೆ ಜಿಡ್ಡು ತಂದು ಮೆತ್ತುತ್ತೆ. ಇನ್ನೊಂದು ಅಲ್ಲಿಂದ ಎತ್ಕೊಂಡು ಹೋಗುತ್ತೆ. ತುಪ್ಪ ತಿಂದ್ರೆ ಮೆತ್ತೋದೇ ಜಾಸ್ತಿ ಆಗೋದು."

"ನಾನು ಇಷ್ಟು ಸಣ್ಣಕ್ಕಿದೀನಲ್ಲ ಮೇಡಂ."

"ಮೈ ಸಣ್ಣಕ್ಕಿದ್ರೆ ರಕ್ತ ಸರಿ ಇರ್ಬೇಕು ಅಂತ ಏನಿಲ್ಲ. ಈ ವಯಸ್ಸಿಗೆ ಎಲ್‌ಡಿಎಲ್ ಇನ್ನೂರು ದಾಟಿದೆ ಅಂದ್ರೆ ಬರೀ ಊಟದ್ದಲ್ಲ, ವಂಶದ್ದಿರ್ಬೇಕು. ಮನೇಲಿ ಯಾರಾದ್ರೂ ಸಣ್ಣ ವಯಸ್ಸಲ್ಲೇ ಎದೆನೋವು ಅಂತ ತೀರ್ಕೊಂಡಿದ್ದಾರಾ?"

ಅಪ್ಪನಿಗೆ ಇಬ್ಬರು ಅಣ್ಣಂದಿರಿದ್ದರು. ಇಬ್ಬರೂ ತಲೆ ಕೂದಲು ನೆರೆಯುವ ಮೊದಲೇ ಹೋದರು. ಒಬ್ಬರು ಬಸ್ ಸ್ಟ್ಯಾಂಡಿನಲ್ಲಿ, ಒಬ್ಬರು ಊಟಕ್ಕೆ ಕೂತಲ್ಲೇ. ಗ್ಯಾಸು ಅಂದರು, ದೃಷ್ಟಿ ಅಂದರು. ಇದನ್ನೆಲ್ಲ ಹೇಳಿದೆ. ಡಾಕ್ಟರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ನಿಂಗೆ ಮಾತ್ರೆ ಬರ್ಕೊಡ್ತೀನಿ. ದಿನಾ ಒಂದು. ಕರಿದಿದ್ದು, ಬೇಕರಿ ತಿಂಡಿ, ತುಪ್ಪ ಕಮ್ಮಿ ಮಾಡು. ಸೊಪ್ಪು, ಕಾಳು ತಿನ್ನು, ದಿನಾ ನಡಿ. ಬೀಡಿ ಸಿಗರೇಟು ಇದ್ರೆ ಇವತ್ತೇ ಬಿಡು. ಮೈಕೈ ವಿಪರೀತ ನೋವು ಬಂದ್ರೆ ನಂಗೆ ಬಂದು ಹೇಳು, ನೀನೇ ಮಾತ್ರೆ ನಿಲ್ಲಿಸ್ಬೇಡ. ಇದಕ್ಕಿಂತ ಮುಖ್ಯ, ನಿಮ್ಮಪ್ಪನ್ನ ಕರ್ಕೊಂಡು ಬಾ."

ಆಮೇಲೆ ನನಗೆ ನನ್ನ ಚಿಂತೆ ಇರಲಿಲ್ಲ. ಅಪ್ಪನನ್ನು ಕರೆದುಕೊಂಡು ಹೋಗಬೇಕು, ಅಷ್ಟೇ. ಅದೇ ಆಗಲಿಲ್ಲ.

ನಾನು ಸುತ್ತಿ ಬಳಸಿ ಮಾತಾಡುವವನಲ್ಲ. ಅಪ್ಪ ಕಾಫಿ ಕುಡಿಯುತ್ತಾ ಕೂತಿದ್ದಾಗ ನೇರವಾಗಿ ಹೇಳಿದೆ: "ಅಪ್ಪಾ, ನಿಂಗೂ ಕೊಬ್ಬು ಜಾಸ್ತಿ ಇರ್ಬೋದು. ರಕ್ತ ಕೊಡ್ಬೇಕು ಬಾ."

ಅಪ್ಪ ಲೋಟ ಕುಕ್ಕಿದ. "ಏನಂದೆ? ಯಾರಿಗೋ ಕೊಬ್ಬು?"

"ಬಯ್ತಾ ಇಲ್ಲ ಕಣಪ್ಪ, ಡಾಕ್ಟ್ರು..."

"ಎರಡೊತ್ತು ಊಟಕ್ಕಿಲ್ದೆ ಬೆಳ್ದೋನು ಕಣೋ ನಾನು. ಈ ವಯಸ್ಸಲ್ಲಿ ಮಗನ ಬಾಯಲ್ಲಿ ಕೊಬ್ಬು ಅನ್ನಿಸ್ಕೋಬೇಕಾ? ಹೋಗೋ ಅತ್ಲಾಗೆ!"

ಆಮೇಲೆ ಅಮ್ಮ ಒಳಗೆ ಕರೆದು ಹೇಳಿದಳು. ಅಪ್ಪ ಹಿಂದೆ ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲಿ ಆ ಇಬ್ಬರು ಅಣ್ಣಂದಿರಲ್ಲಿ ಚಿಕ್ಕವರ ತಿಥಿಗೆ ರಜ ಕೇಳಿದ್ದನಂತೆ. ಆ ಯಜಮಾನ ಗಿರಾಕಿಗಳ ಮುಂದೆಯೇ, "ಏನೋ, ಕೊಬ್ಬು ಜಾಸ್ತಿ ಆಯ್ತಾ ನಿಂಗೆ?" ಅಂದನಂತೆ. ಅಪ್ಪ ಆವತ್ತೇ ಏಪ್ರನ್ ಬಿಚ್ಚಿ ಬಿಸಾಕಿ ಬಂದವನು. ಆ ಮಾತನ್ನು ಅಪ್ಪನ ಮುಂದೆ ಯಾರೂ ಆಡುವ ಹಾಗಿರಲಿಲ್ಲ. ನನಗೆ ಗೊತ್ತಿರಲಿಲ್ಲ.

ಅಮ್ಮ ಹೇಳಿ ನೋಡಿದಳು. "ಒಂದ್ಸಲ ಹೋಗ್ಬನ್ರೀ" ಅಂದರೆ, "ನೀನೂ ಸೇರ್ಕಂಡ್ಯಾ?" ಅನ್ನುತ್ತಿದ್ದ. ನಾನು ಊಟ ಆದ ಮೇಲೆ ಮಾತ್ರೆ ನುಂಗುವಾಗ ಆ ಕಡೆ ತಿರುಗಿ ಕೂರುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಅಪ್ಪನ ಹೋಟೆಲಿನ ಹಿಂದುಗಡೆ ಗೇಟು ಮುರಿದಿದೆ, ವೆಲ್ಡಿಂಗ್ ಹಾಕು ಬಾ ಅಂತ ಕರೆದರು. ಹೋದೆ. ಅಪ್ಪ ಪಾತ್ರೆ ತೊಳೆಯುವ ಜಾಗದಲ್ಲಿ ಪಂಚೆ ಎತ್ತಿ ಕಟ್ಟಿ ಕೂತಿದ್ದ. ಸಿಂಕಿನ ಪೈಪು ಕಟ್ಟಿಕೊಂಡಿತ್ತು. ಪೈಪು ಬಿಚ್ಚಿ ತಂತಿ ಹಾಕಿ ಎಳೆದ. ಬಿಳೀ ಮೇಣದಂಥದ್ದು ಮುದ್ದೆ ಮುದ್ದೆಯಾಗಿ ಬಂತು.

"ಥೂ, ಎಷ್ಟು ಜಿಡ್ಡು ನೋಡು. ಮೇಲಿಂದ ನೋಡಿದ್ರೆ ಪೈಪು ಹೊಸದ್ರಂಗೈತೆ. ಒಳಗೆ ಬೆರಳು ತೂರಲ್ಲ" ಅಂದ.

ಡಾಕ್ಟರ್ ಆಡಿದ್ದೂ ಇದೇ ಜಿಡ್ಡು ಅನ್ನುವ ಮಾತು. ಮನೆಗೆ ಬರುವಷ್ಟರಲ್ಲಿ ನಾನೇ ಅದನ್ನು ಕೊಬ್ಬು ಮಾಡಿಕೊಂಡು ಬಂದಿದ್ದೆ.

"ಡಾಕ್ಟ್ರು ಹೇಳಿದ್ದು ಇದೇ ಅಪ್ಪಾ. ರಕ್ತದ ನರದಲ್ಲಿ ಜಿಡ್ಡು ಕಟ್ಕೊಳ್ಳುತ್ತಂತೆ. ಮೇಲೆ ಏನೂ ಗೊತ್ತಾಗಲ್ವಂತೆ. ನಂಗೆ ಕಟ್ಕೊಳ್ತಾ ಇದೆ. ನಿಂಗೂ ಇರ್ಬೋದು ಅಂತಾರೆ."

ಅಪ್ಪ ತಂತಿಗೆ ಮೆತ್ತಿದ್ದ ಜಿಡ್ಡನ್ನು ಬೆರಳಿನಿಂದ ತೆಗೆದು ನೋಡಿದ. ಆಮೇಲೆ ಕೇಳಿದ.

"ನಮ್ಮಣ್ಣಂದಿರಿಗೂ ಇದೇ ಆಗಿತ್ತಾ?"

"ಗೊತ್ತಿಲ್ಲ. ಯಾರೂ ನೋಡಿಸ್ಲಿಲ್ವಲ್ಲ."

"ಜಿಡ್ಡು ಅಂತ ಮೊದ್ಲೇ ಹೇಳಕ್ಕೇನಾಗಿತ್ತೋ ನಿಂಗೆ, ಬಡ್ಡಿಮಗನೆ?"

ಮಾರನೇ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟ. ಕಾಫಿ ಇಲ್ಲದ್ದಕ್ಕೆ ದಾರಿಯುದ್ದಕ್ಕೂ ನನ್ನನ್ನು ಬಯ್ದ. ಅವನ ಎಲ್‌ಡಿಎಲ್ ನನ್ನದಕ್ಕಿಂತ ಜಾಸ್ತಿ ಬಂತು. ಡಾಕ್ಟರ್ ಇಸಿಜಿಯನ್ನೂ ತೆಗೆಸಿದರು. ಹೃದಯಕ್ಕೆ ಸದ್ಯಕ್ಕೆ ಏನೂ ಆದ ಹಾಗೆ ಕಾಣುತ್ತಿಲ್ಲ ಅಂತ ಹೇಳಿ ಅವನಿಗೂ ಮಾತ್ರೆ ಬರೆದರು. ಹೋಟೆಲಿನಲ್ಲಿ ಗಿರಾಕಿಗಳೆಲ್ಲ ಹೋದ ಮೇಲೆ ತನಗೆ ಅಂತ ಬೆಣ್ಣೆ ಹಾಕಿ ಹುಯ್ದುಕೊಳ್ಳುತ್ತಿದ್ದ ದೋಸೆಯನ್ನು ಅಪ್ಪ ಬಿಟ್ಟ. ಸಂಜೆ ನನ್ನ ಜೊತೆ ನಡೆಯಲು ಬಂದ. ಅದು ಚೆನ್ನಾಗಿತ್ತು.

ಕೆಲವು ತಿಂಗಳಾದ ಮೇಲೆ ಇಬ್ಬರೂ ಮತ್ತೆ ರಕ್ತ ಕೊಟ್ಟೆವು. ಇಬ್ಬರದ್ದೂ ಅರ್ಧದಷ್ಟು ಇಳಿದಿತ್ತು. ಅಪ್ಪನ ಮುಖ ಅರಳಿತು.

"ಸರಿ ಓಯ್ತಲ್ಲ. ಇನ್ನು ಮಾತ್ರೆ ಬೇಡ ಬುಡಿ ಮೇಡಂ."

"ಮಾತ್ರೆ ತಗೊಂಡಿದ್ದಕ್ಕೇ ಇಳಿದಿರೋದು. ಬಿಟ್ರೆ ಮತ್ತೆ ಅಲ್ಲಿಗೇ ಬರುತ್ತೆ."

"ಎಲ್ಲೀವರ್ಗೂ ತಗೋಬೇಕು?"

"ಇರೋವರ್ಗೂ."

ಅಪ್ಪ ಎದ್ದು ಹೊರಟ. ಮಾತ್ರೆ ಬಿಟ್ಟೇ ಬಿಡುತ್ತಾನೆ ಅಂದುಕೊಂಡೆ. ನನ್ನ ಬೈಕಿನ ಹಿಂದೆ ಕೂತ. ದಾರಿಯಲ್ಲಿ ಮೆಡಿಕಲ್ ಸ್ಟೋರ್ ಬಂತು. ಅಲ್ಲಿ ಬೆನ್ನಿಗೆ ತಟ್ಟಿ ನಿಲ್ಲಿಸು ಅಂದ. ಚೀಟಿಯನ್ನು ನನ್ನ ಕೈಯಿಂದ ತಾನೇ ಇಸಿದುಕೊಂಡು ಹೋಗಿ ಕೌಂಟರಿನ ಮೇಲಿಟ್ಟ.

"ಎಷ್ಟು ದಿನಕ್ಕೆ ಕೊಡ್ಲಿ ಯಜಮಾನ್ರೇ?" ಅಂಗಡಿಯವರು ಕೇಳಿದರು.

"ಇರೋವರ್ಗೂ ಅಂದವ್ರೆ ಡಾಕ್ಟ್ರು. ಅಷ್ಟು ಸ್ಟಾಕ್ ಐತಾ ನಿಮ್ಮತ್ರ?" ಅಂದ ಅಪ್ಪ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಈಗ ಒಂದು ತಿಂಗಳಿಗೆ ಕೊಡಿ. ನಂಗೂ, ಇವನಿಗೂ" ಅಂದ.