ಗಂಗವ್ವನ ಹೆಸರಿಗೆ ಬಂದ ಎರಡಕ್ಷರ

2017ರ ಜೂನ್ ತಿಂಗಳಲ್ಲಿ ನಾನು ಬೈಲಹೊಂಗಲ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಸಹಶಿಕ್ಷಕನಾಗಿದ್ದೆ. ಊರಿನ ಹೆಸರು ಬೇಡ. ದೊಡವಾಡದಿಂದ ಬಸ್ಸು ಹತ್ತಿದರೆ ಟಿಕೆಟ್ ತೆಗೆಯುವುದರೊಳಗೆ ಇಳಿಯಬೇಕಾದ ಊರು ಎಂದರೆ ಸಾಕು. ನಾನು ಹುಟ್ಟಿದ್ದು ರಾಮದುರ್ಗದ ಕಡೆ. ಸವದತ್ತಿ, ಕಿತ್ತೂರು ಎಂದು ಸುತ್ತಿ ಇಪ್ಪತ್ತೇಳು ವರ್ಷದ ನೌಕರಿ ಮುಗಿಸಿ ಅಲ್ಲಿಗೆ ಬಂದಿದ್ದೆ. ನಿವೃತ್ತಿಗೆ ಇನ್ನು ಮೂರೇ ವರ್ಷ. ಇಷ್ಟು ಅನುಭವವಾದ ಮಾಸ್ತರನಿಗೆ ತಾನು ತಪ್ಪು ಮಾಡಬಲ್ಲೆ ಎಂಬ ಅನುಮಾನವೇ ಬರುವುದಿಲ್ಲ. ನನಗೂ ಬಂದಿರಲಿಲ್ಲ.

ಹತ್ತನೇ ತರಗತಿಯಲ್ಲಿ ಮೂವತ್ತನಾಲ್ಕು ಮಕ್ಕಳು. ಅವರ ಕಷ್ಟ ವ್ಯಾಕರಣದ್ದಾಗಿರಲಿಲ್ಲ. ಶಬ್ದಗಳೇ ಇರಲಿಲ್ಲ. ಪಾಠದ ಒಂದು ಸಾಲಿನಲ್ಲಿ ನಾಲ್ಕು ಶಬ್ದ ಗೊತ್ತಿಲ್ಲದಿದ್ದರೆ ಯಾವ ಹುಡುಗ ತಾನೆ ಮುಂದಿನ ಸಾಲಿಗೆ ಹೋದಾನು? ಶಾಲೆಯಲ್ಲಿದ್ದದ್ದು ಒಂದೇ ಒಂದು ದೊಡ್ಡ ಇಂಗ್ಲಿಷ್-ಕನ್ನಡ ನಿಘಂಟು. ಅದರ ಬೆನ್ನು ಮುರಿದು ಹಾಳೆಗಳು ಕಟ್ಟುಕಟ್ಟಾಗಿ ಬಿಡಿಸಿಕೊಂಡಿದ್ದವು. ಅದನ್ನು ನೋಡುತ್ತಾ ಕುಳಿತಾಗ ನನಗೊಂದು ಉಪಾಯ ಹೊಳೆಯಿತು. ಇದನ್ನು ಹಂಚಿಬಿಟ್ಟರೆ ಹೇಗೆ?

ಪ್ರತಿ ಮಗುವಿಗೂ ಎರಡೆರಡು ಆರಂಭದ ಅಕ್ಷರ, ಜೊತೆಗೆ ಆ ಅಕ್ಷರಗಳಿರುವ ನಿಘಂಟಿನ ಹಾಳೆಗಳನ್ನು ಕೊಟ್ಟೆ. ಮಹಾಂತೇಶ ಎಂಬ ಹುಡುಗನಿಗೆ ಎಚ್-ಎ ಬಂತು. ಅಂದರೆ ಹಾರ್ವೆಸ್ಟ್, ಹೇಸ್ಟಿ, ಹ್ಯಾಮ್ಲೆಟ್ ಎಂದು ಆ ಎರಡು ಅಕ್ಷರದಿಂದ ಶುರುವಾಗುವ ಎಲ್ಲ ಶಬ್ದಗಳ ಅರ್ಥ ಅವನ ಜವಾಬ್ದಾರಿ. ದಿನಬಳಕೆಯವೂ ಸೈ, ಯಾರೂ ಕೇಳಿರದವೂ ಸೈ. ಎಸ್-ಟಿ ಲಕ್ಷ್ಮಿಗೆ. ಅವಳ ಪಾಲಿನಲ್ಲಿ ಸ್ಟ್ಯಾಕ್ ಎಂದರೆ ಬಣವೆ, ಸ್ಟಬಲ್ ಎಂದರೆ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ.

ಈ ಭಾಗದಲ್ಲಿ ಹೊಲದ ಪಹಣಿಗೆ ಉತಾರ ಅನ್ನುತ್ತಾರೆ. ಉತಾರದಲ್ಲಿ ಯಾರ ಹೆಸರಿದೆಯೋ ಹೊಲ ಅವರದು. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಮೇಲೆ ‘ಉತಾರ’ ಎಂದು ಬರೆದು, ಕ್ರಮಸಂಖ್ಯೆ, ಮಾಲಕರ ಹೆಸರು, ಅಕ್ಷರ, ಶಬ್ದಗಳ ಸಂಖ್ಯೆ ಎಂದು ಗೆರೆ ಹಾಕಿದೆ. ಒಕ್ಕಲುತನದ ಮನೆಯ ಮಕ್ಕಳಿಗೆ ಇದು ತಟ್ಟನೆ ಹತ್ತಿತು. ತಮ್ಮ ತಮ್ಮ ಹಾಳೆಗಳಿಗೆ ರಟ್ಟು ಹಾಕಿಕೊಂಡರು. ತಾವೇ ಒಂದು ಕಾಯಿದೆಯನ್ನೂ ಮಾಡಿಕೊಂಡರು: ಇನ್ನೊಬ್ಬರ ಪಾಲಿನ ಶಬ್ದದ ಅರ್ಥ ಮಾಲಕರನ್ನು ಕೇಳದೆ ಹೇಳುವಂತಿಲ್ಲ. ಹೇಳಿದರೆ ಅವತ್ತು ಬೋರ್ಡು ಒರೆಸಬೇಕು. ಯಾರಾದರೂ ಬದು ದಾಟಿದರೆ “ನನ್ನ ಹೊಲ! ನನ್ನ ಹೊಲ!” ಎಂದು ಕೂಗುತ್ತಿದ್ದರು. ನೋಡಲು ಬಂದ ಅಧಿಕಾರಿಯೊಬ್ಬರು ಬಹಳ ಮೆಚ್ಚಿದರು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಆಗಸ್ಟ್‌ನಲ್ಲಿ ಗಂಗವ್ವ ಬಂದರು. ಊರಿನ ಅಂಗನವಾಡಿಯಲ್ಲಿ ಸಹಾಯಕಿ, ಅಂದರೆ ಅಡುಗೆ ಮಾಡಿ, ಕಸ ಗುಡಿಸಿ, ಮಕ್ಕಳನ್ನು ಮನೆಯಿಂದ ಕರೆತರುವವರು. ವಯಸ್ಸು ನಲವತ್ತನಾಲ್ಕು. ಅಲ್ಲಿನ ಕಾರ್ಯಕರ್ತೆ ಮರುವರ್ಷ ನಿವೃತ್ತರಾಗುವವರಿದ್ದರು. ಹತ್ತನೇ ಪಾಸಾದರೆ ಆ ಜಾಗ ಗಂಗವ್ವನಿಗೆ ಸಿಗುತ್ತದೆ, ಆದರೆ ನಲವತ್ತೈದು ತುಂಬುವುದರೊಳಗೆ ಪಾಸಾಗಿರಬೇಕು ಎಂದು ಮೇಲ್ವಿಚಾರಕಿ ಹೇಳಿದ್ದರಂತೆ. ಹಿಂದಿನ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಐದು ವಿಷಯ ಮುಗಿಸಿಕೊಂಡಿದ್ದರು. ಇಂಗ್ಲಿಷಿನಲ್ಲಿ ಬಂದದ್ದು ನೂರಕ್ಕೆ ಹನ್ನೊಂದು. ಪಾಸಾಗಲು ಬೇಕಾದದ್ದು ಮೂವತ್ತೈದು. ಮುಂದಿನ ಜೂನ್‌ಗೆ ನಲವತ್ತೈದು ತುಂಬುವುದರಿಂದ ಬರುವ ಮಾರ್ಚ್ ಪರೀಕ್ಷೆಯೇ ಅವರಿಗೆ ಕೊನೆಯದು.

“ಸರ, ನಾ ಹಿಂದ ಕುಂತ ಕೇಳತೇನಿ. ಹುಡುಗೂರಿಗೆ ತ್ರಾಸ ಮಾಡಂಗಿಲ್ಲ,” ಎಂದರು.

ಹೆಡ್ ಮಾಸ್ತರರನ್ನು ಒಪ್ಪಿಸಿ, ನನ್ನ ಪೀರಿಯಡ್ಡನ್ನು ಅಂಗನವಾಡಿ ಬಿಡುವ ಹೊತ್ತಿಗೆ ಸರಿಯಾಗಿ ಕೊನೆಗೆ ಹಾಕಿಸಿಕೊಂಡೆ. ಮಕ್ಕಳು ಗಂಗವ್ವನನ್ನು ಸಲಿಗೆಯಿಂದ ಬರಮಾಡಿಕೊಂಡರು. ಅವರಲ್ಲಿ ಅರ್ಧದಷ್ಟು ಮಂದಿ ಚಿಕ್ಕಂದಿನಲ್ಲಿ ಅವರ ಕೈಯಲ್ಲೇ ಉಂಡವರು. ಹಂಚದೆ ಉಳಿದವುಗಳಲ್ಲಿ ಜಿ-ಆರ್ ಒಂದು. ಅದನ್ನೇ ಅವರಿಗೆ ಕೊಟ್ಟು, ಉತಾರದ ಮೂವತ್ತೈದನೆಯ ಸಾಲಿನಲ್ಲಿ ಅವರ ಪೂರ್ತಿ ಹೆಸರು ಬರೆದೆ. ಗಂಗವ್ವ ಗೋಡೆಯ ಹತ್ತಿರ ಹೋಗಿ ಆ ಸಾಲನ್ನು ಬೆರಳಿಟ್ಟು ಓದಿಕೊಂಡರು.

“ನಮ್ಮ ಮನ್ಯಾಗ ಯಾರ ಹೆಸರಿಗೂ ಉತಾರ ಬಂದಿಲ್ರಿ ಸರ. ನಂದ ಮೊದಲು.”

ನಾನು ನಕ್ಕೆ. ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮೂರು ತಲೆಮಾರಿನಿಂದ ಮಂದಿಯ ಹೊಲದಲ್ಲಿ ಕೂಲಿ ಮಾಡಿದ ಮನೆತನ ಅವರದು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ ಎಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಓದಿನಲ್ಲಿ ಅವರು ಗಟ್ಟಿ ಆಸಾಮಿ. ಗ್ರೇನ್, ಗ್ರೈಂಡ್, ಗ್ರೀಸ್ ಮೊದಲ ವಾರಕ್ಕೇ ಬಾಯಿಗೆ ಬಂದವು. ಆಮೇಲೆ ಗ್ರಡ್ಜ್ ಎಂದರೆ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟು, ಗ್ರೋಪ್ ಎಂದರೆ ಕತ್ತಲಲ್ಲಿ ತಡಕಾಡುವುದು. “ಕರೆಂಟ್ ಹೋದಾಗ ಕಡ್ಡಿಪೆಟಗಿ ಹುಡಕತೇವಲ್ರಿ, ಹಂಗ,” ಎಂದು ಹಾಳೆಯ ಅಂಚಿನಲ್ಲಿ ತಮ್ಮದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದರು. ಡಿಸೆಂಬರ್ ಮುಗಿಯುವ ಹೊತ್ತಿಗೆ ಅವರ ಪಾಲಿನ ಶಬ್ದ ಕೇಳಿದರೆ ನಿಘಂಟು ತೆರೆಯುವ ಕೆಲಸವೇ ಇರಲಿಲ್ಲ.

ಫೆಬ್ರುವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಮುಖ್ಯ ಪರೀಕ್ಷೆಗೆ ಮುಂಚೆ ಶಾಲೆಯಲ್ಲೇ ನಡೆಸುವ ತಾಲೀಮು ಅದು. ಉತ್ತರಪತ್ರಿಕೆ ತಿದ್ದಲು ಕುಳಿತವನು ತಲೆ ಹಿಡಿದುಕೊಂಡೆ. ಮೂವತ್ತನಾಲ್ಕರಲ್ಲಿ ಹತ್ತೊಂಬತ್ತು ಮಕ್ಕಳು ನಪಾಸು. ಗಂಗವ್ವನಿಗೆ ಇಪ್ಪತ್ತೆರಡು. ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಸಂಗತಿ ತಿಳಿಯಿತು. ಪ್ರತಿ ಮಗುವೂ ತನ್ನ ಪಾಲಿನ ಅಕ್ಷರದ ಶಬ್ದ ಬಂದಲ್ಲಿ ಸೊಗಸಾಗಿ ಬರೆದಿತ್ತು. ಉಳಿದ ಕಡೆ ಖಾಲಿ ಬಿಟ್ಟಿತ್ತು. ತನ್ನದಲ್ಲದ ಶಬ್ದವನ್ನು ಯಾರೂ ಕಲಿತೇ ಇರಲಿಲ್ಲ. ಕಲಿಯುವ ಅಗತ್ಯವಾದರೂ ಏನು? ಬೇಕಾದರೆ ಮಾಲಕರು ಪಕ್ಕದ ಬೆಂಚಿನಲ್ಲೇ ಇದ್ದರಲ್ಲ! ಬೇಲಿ ಹಾಕಿದವನು ನಾನು, ಹಾಕಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನೂ ನಾನು.

ಮಕ್ಕಳ ಮೇಲೆ ಬರಬೇಕಾದ ಸಿಟ್ಟು, ನನ್ನ ಮೇಲೆ ಬರಬೇಕಾದ ಸಿಟ್ಟು ಎರಡೂ ಸೇರಿ ಗಂಗವ್ವನ ಮೇಲೆ ಹೋಯಿತು. ಸುಗ್ಗಿಯ ಕುರಿತು ಐದು ವಾಕ್ಯ ಬರೆಯಲು ಹೇಳಿದ ಪ್ರಶ್ನೆಗೆ ಅವರು ಒಂದಕ್ಷರವನ್ನೂ ಬರೆದಿರಲಿಲ್ಲ. ಎಲ್ಲರ ಮುಂದೆಯೇ ಕೇಳಿದೆ.

“ಹಾರ್ವೆಸ್ಟ್ ಅಂದ್ರ ಏನ್ರಿ?”

“ಸುಗ್ಗಿರಿ.”

“ಸ್ಟ್ಯಾಕ್?”

“ಬಣವಿರಿ.”

“ಎಲ್ಲಾ ಗೊತ್ತೈತಿ! ಮತ್ತ ಯಾಕ ಬರೀಲಿಲ್ಲ?”

ಗಂಗವ್ವ ಎದ್ದು ನಿಂತರು. “ಅದು ಮಹಾಂತೇಶನ ಪಾಲಿಂದಲ್ರಿ ಸರ? ಬಣವಿ ಲಕ್ಷ್ಮೀದು. ಅವರು ಓದೂದ ಕೇಳಿ ನನಗ ಬಂದಾವು. ಪರೀಕ್ಷಾದಾಗ ಅವನ್ನ ಬರದ್ರ ಕಾಪಿ ಆಗಂಗಿಲ್ಲೇನ್ರಿ?”

ತರಗತಿ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ಅವರು ಮುಂದುವರಿಸಿದರು. “ಮಂದಿ ಹೊಲದಾಗಿನ ಒಂದ ಕಡ್ಲಿ ಗಿಡ ಕಿತ್ತರ ಏನಾಕ್ಕತಿ ಅಂತ ನಾ ಸಣ್ಣಾಕಿ ಇದ್ದಾಗ ಕಲತೇನ್ರಿ ಸರ. ಹಂಗಾಗಿ ಕೈ ಬರಲಿಲ್ಲ.”

ನಗು ನಿಂತಿತು. ಹೊಲವಿದ್ದ ಮನೆಯ ಮಕ್ಕಳಿಗೆ ಈ ಹಂಚಿಕೆ ಒಂದು ಆಟವಾಗಿತ್ತು. ಗಂಗವ್ವನಿಗೆ ಬದುಕು ಕಲಿಸಿದ್ದ ಕಾಯಿದೆಯನ್ನೇ ನಾನು ಮತ್ತೊಮ್ಮೆ ಕಲಿಸಿದ್ದೆ. ಅದೂ ಗೋಡೆಗೆ ಅಂಟಿಸಿ! ಪರೀಕ್ಷೆಗೆ ಉಳಿದದ್ದು ಐದೇ ವಾರ. ಸೀದಾ ಹೋಗಿ ಉತಾರದ ಹಾಳೆಗೆ ಕೈ ಹಾಕಿದೆ.

“ಹರೀಬ್ಯಾಡ್ರಿ ಸರ!” ಗಂಗವ್ವನ ದನಿ ಏರಿದ್ದನ್ನು ಅವತ್ತೇ ಮೊದಲು ಕೇಳಿದ್ದು. “ಮುಯ್ಯಾಳ ಇಡ್ರಿ.”

ಮುಯ್ಯಾಳು ಎಂದರೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಳೆ ತೆಗೆಯುವಾಗ, ರಾಶಿ ಮಾಡುವಾಗ ಇವತ್ತು ನಿಮ್ಮ ಹೊಲಕ್ಕೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು. ಕೂಲಿಯ ಮಾತಿಲ್ಲ. ಹೊಲದವರು ಊಟ ಹಾಕಬೇಕು, ಅಷ್ಟೆ.

“ದಿನಾ ಒಬ್ಬರ ಹೊಲಕ್ಕ ಎಲ್ಲಾರೂ ಇಳಿಯೂದು. ಮಾಲಕರು ಕರದ್ರ ಅದು ಕಳವ ಆಗಂಗಿಲ್ಲಲ್ರಿ?” ಎಂದರು. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, “ನಾವು ಎಂದೂ ಮುಯ್ಯಾಳ ಆಡಿಲ್ರಿ. ಹೊಲಾನ ಇದ್ದಿಲ್ಲ. ಈಗ ಐತಿ,” ಎಂದರು.

ಹಾಳೆ ಗೋಡೆಯ ಮೇಲೇ ಉಳಿಯಿತು. ಮರುದಿನದಿಂದಲೇ ಮುಯ್ಯಾಳು ಶುರು. ಮೂವತ್ತೈದು ಮಾಲಕರು, ದಿನಕ್ಕೊಬ್ಬರಂತೆ ಹೋದರೆ ಮುಗಿಯದೆಂದು ಕೆಲವು ದಿನ ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಎರಡು ಹೊಲ ಹಿಡಿದೆವು. ಮಾಲಕರು ಮುಂದೆ ನಿಂತು ತಮ್ಮ ಪಾಲಿನಿಂದ ಆಯ್ದ ನಲವತ್ತು ಶಬ್ದಗಳನ್ನು ಬಡಿಸಬೇಕು, ಉಳಿದವರು ಅದರಲ್ಲಿ ವಾಕ್ಯ ಮಾಡಬೇಕು. ಮಹಾಂತೇಶ ತನ್ನ ಪಾಲನ್ನು ಎರಡನೆಯ ದಿನವೇ ಬಡಿಸಿದ. ಹ್ಯಾರೋ ಎಂದರೆ ಕುಂಟೆ ಎಂದು ತೋರಿಸಲು ಶಾಲೆಯ ಅಂಗಳದಲ್ಲೇ ಇಬ್ಬರು ಗೆಳೆಯರನ್ನು ಎತ್ತು ಮಾಡಿ ಹೂಡಿದ. ಪಾಪ, ನಾಲ್ಕು ದಿನ ಕಳೆಯುವುದರೊಳಗೆ ಅವನಿಗೆ ಕಾಮಾಲೆ ಬಂತು. ಉಳಿದ ಹೊಲಗಳಿಗೆ ಅವನು ಬರಲಾಗಲಿಲ್ಲ.

ಗಂಗವ್ವನ ಸರದಿಯ ದಿನ ಹುಡುಗಿಯರಿಬ್ಬರು ಅವರ ಮನೆಯಿಂದ ಸಣ್ಣ ಬೀಸುಕಲ್ಲು ಹೊತ್ತು ತಂದರು. ಗಂಗವ್ವ ನನ್ನ ಟೇಬಲ್ಲಿನ ಮೇಲೆ ಜೋಳ ಸುರಿದು, “ಗ್ರೇನ್,” ಎಂದರು. ಬೀಸಲಿಕ್ಕೆಂದು ಒಂದು ಮೊರದಷ್ಟು ಬೇರೆ ತೆಗೆದಿಟ್ಟು, “ಇದು ಗ್ರಿಸ್ಟ್. ಗಿರಣಿಗೆ ಒಯ್ಯೂ ಕಾಳು.” ಕಲ್ಲು ತಿರುಗಿಸಿ, “ಗ್ರೈಂಡ್.” ಗಡಿಗೆಯ ಮುಚ್ಚಳ ತೆಗೆದು, “ಗ್ರೂಯೆಲ್. ಅಂಬಲಿ. ಎಲ್ಲಾರೂ ಕುಡೀರಿ.” ಕೊನೆಗೆ ಒಂದು ಹಿಡಿ ಒಡೆದ ಕಾಳು ತೋರಿಸಿ, “ಗ್ರೋಟ್ಸ್. ನುಚ್ಚು,” ಎಂದರು. ಆ ಶಬ್ದವನ್ನು ನಾನು ಇಪ್ಪತ್ತೇಳು ವರ್ಷ ಕಲಿಸಿರಲಿಲ್ಲ; ಕಲಿಸಲು ನನಗೇ ಗೊತ್ತಿರಲಿಲ್ಲ. ತೆಪ್ಪಗೆ ಬರೆದುಕೊಂಡೆ. ಗ್ರ್ಯಾಟಿಟ್ಯೂಡ್ ಎಂದರೇನೆಂದು ಲಕ್ಷ್ಮಿ ಕೇಳಿದಳು. ನಿಘಂಟಿನಲ್ಲಿ ಕೃತಜ್ಞತೆ ಎಂದಿತ್ತು. “ಉಂಡ ಮನಿ ನೆನಸೂದು,” ಎಂದರು ಗಂಗವ್ವ. ಅವತ್ತು ತರಗತಿಯಲ್ಲಿ ಅಂಬಲಿ ಕುಡಿಯದವರು ಯಾರೂ ಉಳಿಯಲಿಲ್ಲ.

ಇಂಗ್ಲಿಷ್ ಪರೀಕ್ಷೆಯ ದಿನ ನಾನೂ ಬೈಲಹೊಂಗಲಕ್ಕೆ ಹೋದೆ. ಕೇಂದ್ರದ ಎದುರಿನ ಚಹಾ ಅಂಗಡಿಯಲ್ಲಿ ಕುಳಿತು ಐದು ಚಹಾ ಕುಡಿದೆ. ಅಷ್ಟು ಹೆದರಿಕೆ ನನ್ನ ಸ್ವಂತ ಪರೀಕ್ಷೆಗೂ ಆಗಿರಲಿಲ್ಲ. ಗಂಗವ್ವ ಹೊರಗೆ ಬಂದವರೇ ಬೆರಳು ಮಡಚುತ್ತಾ ಹೇಳತೊಡಗಿದರು: “ಮಹಾಂತೇಶಂದು ಮೂರು ಶಬ್ದ ಬರದೇನ್ರಿ, ಲಕ್ಷ್ಮೀದು ಎರಡು. ಹಾಳಿ ಎಲ್ಲೂ ಖಾಲಿ ಬಿಟ್ಟಿಲ್ಲ.”

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಕಂಪ್ಯೂಟರ್ ಅಂಗಡಿಯಲ್ಲಿ ಅವರ ನಂಬರ್ ಹಾಕಿಸಿದಾಗ ನಲವತ್ತೊಂದು ಎಂದು ಬಂತು. ಸುಳ್ಳೇಕೆ ಹೇಳಲಿ, ನನ್ನ ಕಣ್ಣಲ್ಲಿ ನೀರು ಬಂತು. ಗಂಗವ್ವ ಅಳಲಿಲ್ಲ, ನಗಲೂ ಇಲ್ಲ. “ಮಹಾಂತೇಶಂದ ಎಷ್ಟರಿ?” ಎಂದು ಕೇಳಿದರು. ತರಗತಿಯ ಇಪ್ಪತ್ತೊಂಬತ್ತು ಮಕ್ಕಳು ಪಾಸಾಗಿದ್ದರು. ನಪಾಸಾದ ಐವರಲ್ಲಿ ಅವನೊಬ್ಬ. ಅವನಿಗೆ ಬಂದದ್ದು ಮೂವತ್ತೊಂದು.

ಜೂನ್‌ನಲ್ಲಿ ನಪಾಸಾದವರಿಗೆ ಮರುಪರೀಕ್ಷೆ ಇರುತ್ತದೆ. ಆ ಐವರಿಗಾಗಿ ರಜೆಯಲ್ಲೇ ಬೆಳಗಿನ ತರಗತಿ ಇಟ್ಟುಕೊಂಡೆ. ಮೊದಲ ದಿನ ಹೋಗಿ ನೋಡಿದರೆ ಗಂಗವ್ವ ನನಗಿಂತ ಮುಂಚೆಯೇ ಬಂದು, ಮಹಾಂತೇಶನ ಪಕ್ಕದಲ್ಲಿ ತಮ್ಮ ಜಿ-ಆರ್ ಹಾಳೆಗಳನ್ನು ಬಿಚ್ಚಿಕೊಂಡು ಕುಳಿತಿದ್ದರು.

“ನೀವು ಪಾಸಾಗೀರಲ್ರಿ, ಮತ್ಯಾಕ ಬಂದ್ರಿ?”

“ಇಂವ ನನ್ನ ಹೊಲಕ್ಕ ಬಂದಿಲ್ಲಲ್ರಿ ಸರ, ಜಡ್ಡ ಬಿದ್ದಿದ್ದ. ನಾ ಮಾತ್ರ ಇವನ ಹೊಲಾ ಉಂಡೇನಿ. ಮುಯ್ಯಾಳ ಒಂದ ಕಡಿ ಇರತೈತೇನ್ರಿ?”

ಮೂರು ವಾರ ಅವರು ಒಂದು ದಿನವೂ ತಪ್ಪಿಸಲಿಲ್ಲ. ಮಹಾಂತೇಶ ನಲವತ್ತನಾಲ್ಕು ತೆಗೆದ. ತನಗಿಂತ ಮೂರು ಹೆಚ್ಚು ಎಂದು ಗಂಗವ್ವ ಓಣಿಯೆಲ್ಲ ಹೇಳಿಕೊಂಡು ಬಂದರು. ಹಳೆಯ ಕಾರ್ಯಕರ್ತೆ ನಿವೃತ್ತರಾದ ಮೇಲೆ ಆ ಜಾಗದ ನೇಮಕಾತಿ ಆದೇಶ ಗಂಗವ್ವನ ಕೈ ಸೇರಿತು.

ನಾನು ಮೂವತ್ತು ವರ್ಷ ಶಬ್ದ ಕಲಿಸಿದೆ. ಕಲಿಸಿದರೆ ಮಕ್ಕಳು ಕಲಿಯುತ್ತಾರೆ, ಕಲಿತದ್ದನ್ನು ಬರೆಯುತ್ತಾರೆ ಎಂದೇ ನಂಬಿದ್ದೆ. ಆದರೆ ಕೆಲವರಿಗೆ, ಕಿವಿಗೆ ಬಿದ್ದು ತಲೆಯಲ್ಲಿ ನಿಂತದ್ದು ಕೂಡ ತಮ್ಮದು ಎಂದು ಯಾರೂ ಹೇಳಿರುವುದಿಲ್ಲ. ಬಾಯಿಬಿಟ್ಟು ಅದನ್ನು ಹೇಳುವುದೂ ಮಾಸ್ತರನ ಕೆಲಸವೇ ಎಂದು ತಿಳಿಯಲು ನನಗೆ ಅಷ್ಟು ವರ್ಷ ಬೇಕಾಯಿತು.