ಹೊಸ್ತಿಲು ದಾಟದ ನಮ್ಮಜ್ಜಿ

ಅಜ್ಜಿ ತೀರಿಕೊಂಡ ಮೂರನೇ ದಿನ ದೊಡ್ಡಪ್ಪನಿಗೆ ಆಕೆಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಬದುಕಿದ್ದಾಗ ಉಕ್ಕುವುದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ, ಪಾಪ. ಅವರು ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುವವರಿದ್ದರು. ಚಾಮರಾಜನಗರಕ್ಕೆ ಫ್ಲೆಕ್ಸ್ ಬೋರ್ಡುಗಳು ಆಗತಾನೇ ಬಂದಿದ್ದವು. ಹರದನಹಳ್ಳಿಯ ನಮ್ಮ ಮನೆ ಮುಂದೆ, ತಿಥಿಯ ಹೊತ್ತಿಗೆ, ಆಳೆತ್ತರದ ಶ್ರದ್ಧಾಂಜಲಿ ಏಳಲೇಬೇಕು ಎಂದು ತೀರ್ಮಾನವಾಯಿತು. ನಾನು ಕಾಲೇಜು ಓದುತ್ತಿದ್ದವಳಾದ್ದರಿಂದ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

"ಶತಾಯುಷಿ ಅಂತ ಹಾಕಮ್ಮಿ," ಎಂದರು ದೊಡ್ಡಪ್ಪ. "ನೂರು ಅಂದ್ರೆ ಒಂದು ತೂಕ ಇರ್ತದೆ."

ಅಜ್ಜಿ ಹುಟ್ಟಿದ ವರ್ಷ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಗುಮಾಸ್ತರು, ಲೆಕ್ಕ ತಪ್ಪಿದರೆ ಅವರಿಗೆ ನಿದ್ದೆ ಬರದು. "ಅಣ್ಣ, ನಿನ್ನ ಹಡೆದಾಗ ಅವ್ವಂಗೆ ಇಪ್ಪತ್ತು. ಅವ್ವಂಗೆ ನೂರು ಅಂದ್ರೆ ನಿಂಗೆ ಎಂಬತ್ತಾಯ್ತದೆ."

ದೊಡ್ಡಪ್ಪ ಹಿಂದಿನ ದಿನ ತಾನೇ ಮೀಸೆಗೆ ಬಣ್ಣ ಹಚ್ಚಿದ್ದರು. ನೂರು ತಕ್ಷಣ ರದ್ದಾಯಿತು. 'ತುಂಬು ಜೀವನ ನಡೆಸಿದ' ಎಂದು ಬರೆದೆ. ಯಾರ ವಯಸ್ಸಿಗೂ ಧಕ್ಕೆಯಾಗಲಿಲ್ಲ.

ಫೋಟೋ ಇನ್ನೊಂದು ಕಷ್ಟ. ಎಂಟು ಹೆತ್ತು ಐದು ಉಳಿಸಿಕೊಂಡ, ಊರಿನ ಅರ್ಧ ಕೂಸುಗಳಿಗೆ ಮೊದಲ ನೀರೆರೆದ ಹೆಂಗಸಿನ ಒಂದು ಒಂಟಿ ಫೋಟೋ ನಮ್ಮ ಇಡೀ ವಂಶದಲ್ಲಿ ಇರಲಿಲ್ಲ. ಒಂದು ಮದುವೆಯ ಗುಂಪಿನಲ್ಲಿ ಸಿಕ್ಕಿತು. ಊಟಕ್ಕೆ ತಡವಾಗಿದ್ದಕ್ಕೋ ಏನೋ, ಫೋಟೋದವನನ್ನು ನುಂಗುವ ಹಾಗೆ ನೋಡುತ್ತಿದ್ದಳು. ಅದನ್ನೇ ಕತ್ತರಿಸಿ ಹಾಕಿಸಿದರು. ಪಕ್ಕದಲ್ಲಿ ದೊಡ್ಡಪ್ಪ, ಕೈ ಮುಗಿದು ನಗುತ್ತಾ, ಅಜ್ಜಿಯ ಎರಡರಷ್ಟು. ಅಂಗಡಿಯವರು ಕೊಡುವಾಗ ಬಹಳ ವಿನಯದಿಂದ ಕೇಳಿದರು, "ತೀರ್ಕೊಂಡಿರೋರು ಇವರಲ್ವಾ ಸಾರ್?" ಎಂದು ದೊಡ್ಡಪ್ಪನ ಮುಖದ ಮೇಲೆ ಬೆರಳಿಟ್ಟು.

ಅಜ್ಜಿ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಆಕೆಯ ನಾಲಿಗೆಗೆ ಮಕ್ಕಳು ಮೊಮ್ಮಕ್ಕಳು ಎಂಬ ಭೇದವಿರಲಿಲ್ಲ. ಅಪ್ಪನಿಗೆ ಸರ್ಕಾರಿ ಕೆಲಸ ಸಿಕ್ಕಾಗ ಊರೆಲ್ಲ ಹೊಗಳಿತಂತೆ. ಅಜ್ಜಿ ಮಾತ್ರ, "ಕುಂತ್ಕಂಡೇ ಸಂಬ್ಳ ತಕತನಂತೆ. ಕೋಳಿ ಕುಂತ್ರೆ ಮರಿನಾರ ಆಯ್ತವೆ," ಎಂದಿದ್ದಳು. ನಾನು ಮೊದಲ ಸಲ ಸಾರು ಮಾಡಿದಾಗ ಎರಡು ಗುಟುಕು ಕುಡಿದು, "ಚೆನ್ನಾಗದೆ ಕಣಮ್ಮಿ, ಎಮ್ಮೆಗೂ ಒಸಿ ಬುಡು," ಎಂದಳು. ನನ್ನ ಅಮ್ಮ ಇಪ್ಪತ್ತೈದು ವರ್ಷ ಆ ನಾಲಿಗೆಯ ಕೆಳಗೆ ಬಾಳಿದವಳು. ಆದರೂ ಆಕೆ ಹೋದ ದಿನ ಎಲ್ಲರಿಗಿಂತ ಹೆಚ್ಚು ಅತ್ತವಳು ಅಮ್ಮನೇ.

ಹನ್ನೊಂದನೇ ದಿನ ತಿಥಿಗೆ ಜನ ಸೇರಿದರು. ಗುಂಡ್ಲುಪೇಟೆಯಿಂದ ನಮ್ಮ ಸೋದರತ್ತೆ ಬಂದರು. ಜೊತೆಗೆ ಅವರ ಪಕ್ಕದ ಮನೆಯ ಟೈಲರ್ ಹೆಂಡತಿ, ಅಜ್ಜಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. ಅಜ್ಜಿಗೆ ಮಂಡಿ ನೋವು. ಅದಕ್ಕೆ ಗುಂಡ್ಲುಪೇಟೆಯ ಮಲಯಾಳಿ ಪಂಡಿತರ ಎಣ್ಣೆಯೇ ಆಗಬೇಕೆಂದು ವರ್ಷಕ್ಕೆ ಎರಡು ಸಲ ಮಗಳ ಮನೆಗೆ ಹೋಗುತ್ತಿದ್ದಳು. ಹಾಗಾದ ಸ್ನೇಹ. ಅವರ ಮನೆಮಾತು ಉರ್ದು, ಅಜ್ಜಿಗೆ ಒಂದಕ್ಷರ ಬಾರದು. ಬೈಗುಳ ಮಾತ್ರ ಇಬ್ಬರೂ ಹಂಚಿಕೊಂಡಿದ್ದರು.

ಊಟಕ್ಕೆ ಮುಂಚೆ ದೊಡ್ಡಪ್ಪ ಮೈಕು ಹಿಡಿದರು. "ನಮ್ಮವ್ವ ಹೊಸ್ತಿಲು ದಾಟಿದೋಳಲ್ಲ. ಗಂಡ, ಮಕ್ಕಳು, ಕೊಟ್ಟಿಗೆ, ಅಷ್ಟೇ ಆಯಮ್ಮನ ಪ್ರಪಂಚ. ಮಗಳ ಮನೆ ಬಿಟ್ರೆ ಒಂದು ಊರು ಕಂಡೋಳಲ್ಲ!" ಎಂದು ಕಣ್ಣೊರೆಸಿಕೊಂಡರು.

ನನ್ನ ಪಕ್ಕ ಕೂತಿದ್ದ ಟೈಲರ್ ಹೆಂಡತಿಯ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದು ನೀರು ಕೊಟ್ಟೆ. ಮುಖದ ಮೇಲಿನ ಸೆರಗು ತೆಗೆದರೆ ನಗು!

ಊಟವಾದ ಮೇಲೆ ಹಿತ್ತಲಲ್ಲಿ ಅಮ್ಮ ಎಲೆ ಅಡಿಕೆ ಕೊಟ್ಟು ಕೇಳಿದಳು, "ಯಾಕಮ್ಮ ನಕ್ಕಿದ್ದು?"

"ನಿಮ್ಮತ್ತೆ ಊಟಿ ನೋಡವ್ರೆ. ಒಂಬತ್ತು ಸಲ!"

ಅಮ್ಮನ ಕೈಯ ತಟ್ಟೆ ಹಾಗೇ ನಿಂತಿತು.

ಎಣ್ಣೆ ಹಚ್ಚಿಸುವ ದಿನ ಎಂದು ಮಗಳಿಗೆ ಹೇಳಿ ಇಬ್ಬರೂ ಬೆಳಗಿನ ಮೊದಲ ಬಸ್ಸು ಹತ್ತುತ್ತಿದ್ದರಂತೆ. ಬಂಡೀಪುರದ ಕಾಡು ದಾಟಿ ಊಟಿ, ಸಂಜೆಯೊಳಗೆ ವಾಪಸ್ಸು. ಒಮ್ಮೆ ಕೆರೆ ಹತ್ತಿರ ಅಜ್ಜಿ ಕುದುರೆ ಹತ್ತುತ್ತೇನೆ ಎಂದಳಂತೆ. ಕುದುರೆಯವನು ಹೆದರಿ, "ವೇಂಡಾಂ ಪಾಟಿ," ಬೇಡ ಅಜ್ಜಿ, ಎಂದು ತಮಿಳಿನಲ್ಲಿ ಬೇಡಿಕೊಂಡ. ಅಜ್ಜಿ, "ನಿನ್ ಕುದ್ರೆಗಿಂತ ನನ್ ಸೊಂಟ ಗಟ್ಟಿಯಾಗದೆ, ಅತ್ಸು," ಎಂದು ಹತ್ತಿಯೇ ಬಿಟ್ಟಳು.

"ಮಂಡಿ ನೋವು?" ಎಂದೆ ನಾನು.

"ಮಂಡಿಗೇನಾಗಿತ್ತು? ನನಗಿಂತ ಮುಂದೆ ನಡೀತಿದ್ರು."

ಅಮ್ಮ ಗೋಡೆಗೆ ಒರಗಿದಳು. "ಅದಕ್ಕೇ ಕಣಮ್ಮಿ, ಬರ್ವಾಗ ಅಷ್ಟು ಕ್ಯಾರೆಟ್ ತತ್ತಿದ್ರು. ಗುಂಡ್ಲುಪೇಟೆ ಸಂತೇಲಿ ತಕಂಡೆ ಅಂದ್ರು, ನಾನೂ ನಂಬ್ಕಂಡೆ." ಆಮೇಲೆ ನಿಜವಾಗಿಯೂ ನೊಂದ ದನಿಯಲ್ಲಿ ಹೇಳಿದಳು, "ನನ್ನೂ ಒಂದ್ಸಲ ಕರ್ಕಂಡೋಗಿದ್ರೆ ಅವರ ಗಂಟೇನು ಓಯ್ತಿತ್ತು?"

"ಕೇಳಿದ್ದೆ ನಾನು," ಎಂದರು ಟೈಲರ್ ಹೆಂಡತಿ. "'ಅವ್ಳು ಪಾಪದವಳು, ಸುಳ್ಳೇಳಕ್ ಬರಲ್ಲ, ಮುಖದಲ್ಲೇ ಗೊತ್ತಾಯ್ತದೆ' ಅಂದ್ರು."

ಇಪ್ಪತ್ತೈದು ವರ್ಷದಲ್ಲಿ ಅತ್ತೆಯಿಂದ ಅಮ್ಮನಿಗೆ ಸಿಕ್ಕ ಏಕೈಕ ಪ್ರಶಂಸಾಪತ್ರ ಅದು. ಅದೂ ತಿಥಿಯ ದಿನ, ಇನ್ನೊಬ್ಬರ ಬಾಯಿಂದ.

ದೊಡ್ಡಪ್ಪ ಎಲೆಕ್ಷನ್ನಿನಲ್ಲಿ ಸೋತರು. ಅಮ್ಮನಿಗೆ ಎರಡು ತಿಂಗಳ ನಂತರ ಭುಜ ನೋವು ಬಂತು, ಅದಕ್ಕೂ ಗುಂಡ್ಲುಪೇಟೆಯ ಎಣ್ಣೆಯೇ ಆಗಬೇಕಂತೆ. ಮುಖದಲ್ಲಿ ಎಲ್ಲವೂ ಬರೆದಿತ್ತು, ಆದರೆ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಟೈಲರ್ ಹೆಂಡತಿಯ ಜೊತೆ ನಾವಿಬ್ಬರೂ ಹೋದೆವು. ಊಟಿಯಲ್ಲಿ ಮಂಜು ಎಷ್ಟಿತ್ತೆಂದರೆ ಕೆರೆಯೇ ಕಾಣಲಿಲ್ಲ. ಅಮ್ಮ ಕಂಬಿ ಹಿಡಿದು ಬಿಳುಪನ್ನೇ ನೋಡುತ್ತಾ ನಿಂತಳು. "ಎಷ್ಟು ಚಳಿ ತಡಕಂಡಿದ್ದಾರು ಆ ವಯಸ್ನಲ್ಲಿ, ಒಂದು ಸ್ವೆಟರ್ರೂ ಇರ್ನಿಲ್ಲ," ಎಂದವಳು ಅಲ್ಲೇ ಅತ್ತಳು. ಟೈಲರ್ ಹೆಂಡತಿ ಚಹಾ ತರಲು ಹೋದರು.