ಉಲ್ಟಾ ತಿರುಗುವ ನಟ್ಟು

ಸೋಮವಾರ ಬೆಳಿಗ್ಗೆ ಮೆಷಿನ್ ಬಾಗಿಲು ತೆಗೆದರೆ ಮೊದಲು ಬರುವುದು ಕೂಲೆಂಟ್ ನಾತ. ಕಬ್ಬಿಣ ಕತ್ತರಿಸುವಾಗ ಬಿಸಿಯಾಗದಿರಲಿ ಅಂತ ಸುರಿಯುವ ಎಣ್ಣೆನೀರು ಅದು. ಭಾನುವಾರ ಒಂದು ದಿನ ನಿಂತರೆ ಸಾಕು, ಕೆಟ್ಟ ಮಜ್ಜಿಗೆ ಥರ ಹುಳಿಯುತ್ತದೆ. ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಟರ್ನರ್ ಅಣ್ಣ ನೆನಪಾಗುತ್ತಾರೆ. ಅವರ ಅಂಗಿ, ಟಿಫನ್ ಬ್ಯಾಗು, ಕೂತು ಎದ್ದ ಸ್ಟೂಲು, ಎಲ್ಲದರಲ್ಲೂ ಇದೇ ನಾತ ಇತ್ತು.

ಎಂಟನೇ ಕ್ಲಾಸಿಗೆ ಓದು ಬಿಟ್ಟವನು ನಾನು. ಆಮೇಲೆ ಅಲ್ಲಿ ಇಲ್ಲಿ ದುಡಿದು, ಹತ್ತೊಂಬತ್ತಕ್ಕೆ ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಶೆಡ್ಡಿಗೆ ಸೇರಿದೆ. ನನಗೆ ಡ್ರಿಲ್ಲಿಂಗ್ ಮೆಷಿನ್ ಕೊಟ್ಟರು. ಪಕ್ಕದ ಲೇತ್, ಕಬ್ಬಿಣವನ್ನು ತಿರುಗಿಸಿ ಕಡೆಯುವ ಮೆಷಿನ್, ಅವರದು. ಅದಕ್ಕೇ ಟರ್ನರ್ ಅಂತ ಹೆಸರು. ಅಳತೆ ಬರೆದ ಡ್ರಾಯಿಂಗ್ ಒಂದು ಸಲ ನೋಡಿ ಮಡಚಿ ಜೇಬಿಗೆ ಹಾಕಿಕೊಂಡರೆ ಮುಗಿಯಿತು, ಮತ್ತೆ ತೆಗೆಯುತ್ತಿರಲಿಲ್ಲ. ಮಾಡಿದ ಪೀಸಿನ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಿದ್ದರು. ಉಗುರು ಎಲ್ಲಾದರೂ ತಡೆದರೆ ಮತ್ತೆ ಮೆಷಿನ್‌ಗೆ ಕಟ್ಟುತ್ತಿದ್ದರು. ಅವರ ಒಂದು ಪೀಸೂ ಗಿರಾಕಿ ಹತ್ತಿರದಿಂದ ವಾಪಸ್ ಬಂದದ್ದನ್ನು ನಾನು ನೋಡಿಲ್ಲ.

ಅವರ ಹೆಂಡತಿ ನರ್ಸು. ಐರ್ಲೆಂಡ್‌ನಲ್ಲಿ ಕೆಲಸ ಸಿಕ್ಕಿ ಪುಟ್ಟ ಮಗನನ್ನು ಕರೆದುಕೊಂಡು ಹೋದರಂತೆ. ಇವರು ಯಾಕೆ ಹೋಗಲಿಲ್ಲ ಅಂತ ನನಗೆ ಗೊತ್ತಿಲ್ಲ. ಕೇಳಲಿಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆ ಬರುವಾಗ ಬಸ್ ಸ್ಟಾಪಿನಲ್ಲೇ ಎದೆ ಹಿಡಿದುಕೊಂಡು ಕೂತರು... ಅಷ್ಟೇ. ಆಮೇಲೆ ಶೆಡ್ಡೂ ಮುಚ್ಚಿತು, ನಾನು ಬೇರೆ ಫ್ಯಾಕ್ಟರಿ ಸೇರಿದೆ.

ಹೋದ ಡಿಸೆಂಬರ್‌ನಲ್ಲಿ ಆ ಮಗ ನನ್ನನ್ನು ಹುಡುಕಿಕೊಂಡು ಬಂದ. ಶೆಡ್ಡಿನ ಹಳೇ ಓನರ್ ನನ್ನ ನಂಬರ್ ಕೊಟ್ಟಿದ್ದರು. ಹದಿನೇಳು ವರ್ಷ, ನನಗಿಂತ ಎತ್ತರ, ಕುತ್ತಿಗೆಯಲ್ಲಿ ಕ್ಯಾಮೆರಾ. ಅಮ್ಮ ಕಲಿಸಿದ ಕನ್ನಡ, ನಿಧಾನ, ಆದರೆ ತಪ್ಪಿಲ್ಲ. ಅಪ್ಪನ ಮೇಲೆ ಒಂದು ಸಣ್ಣ ಸಿನಿಮಾ ಮಾಡಬೇಕು ಅಂದ. ಅವನು ಇಳಿದುಕೊಂಡಿದ್ದು ಬ್ರೂಕ್‌ಫೀಲ್ಡ್‌ನಲ್ಲಿ, ಮಾವನ ಮನೆಯಲ್ಲಿ. ಆ ಮಾವ ಊಟಕ್ಕೆ ಕೂತಾಗ ಹೇಳಿದ್ದರಂತೆ, ನಿಮ್ಮಪ್ಪ ಏನು ಮಾಡಿಟ್ಟು ಹೋದ, ಇಷ್ಟು ವರ್ಷ ದುಡಿದು ಒಂದು ಸೈಟೂ ಇಲ್ಲ ಅಂತ. ಹುಡುಗನಿಗೆ ಆ ಮಾತನ್ನು ಸುಳ್ಳು ಮಾಡಬೇಕಿತ್ತು.

"ಅಣ್ಣ, ಅಪ್ಪ ಕೈಯಾರೆ ಮಾಡಿದ್ದು ಒಂದೇ ಒಂದು ತೋರ್ಸಿ ಸಾಕು," ಅಂದ. "ಎಷ್ಟೇ ಚಿಕ್ಕದಾದ್ರೂ ಪರ್ವಾಗಿಲ್ಲ."

ಎಲ್ಲಿಂದ ತೋರಿಸಲಿ? ಟರ್ನರ್ ಮಾಡಿದ ಶಾಫ್ಟು, ಬುಷ್ಷು ಇನ್ಯಾವುದೋ ಮೆಷಿನ್ ಹೊಟ್ಟೆಯೊಳಗೆ ಹೋಗಿ ಕೂರುತ್ತವೆ. ಮಾಡಿದವನ ಹೆಸರು ಎಲ್ಲೂ ಇರುವುದಿಲ್ಲ. ಆದರೂ ರಜೆ ಹಾಕಿ ಎರಡು ದಿನ ಅವನನ್ನು ಬೈಕಿನಲ್ಲಿ ಸುತ್ತಿಸಿದೆ. ನಮ್ಮ ಶೆಡ್ಡು ಈಗ ಪಾರ್ಸೆಲ್ ಗೋಡೌನ್. ಅವರ ಲೇತನ್ನು ಗುಜರಿಗೆ ಹಾಕಿದೆ ಅಂತ ಓನರ್ ಹೇಳಿದರು. ಎರಡನೇ ದಿನ ಮಧ್ಯಾಹ್ನ ಹುಡುಗ ಕ್ಯಾಮೆರಾ ಬ್ಯಾಗಿನೊಳಗೆ ಇಟ್ಟ.

"ಮಾವ ಹೇಳಿದ್ದೇ ಸರಿ ಅನ್ಸುತ್ತೆ ಅಣ್ಣ."

ಒಂದು ವಸ್ತು ಉಳಿದಿದೆ ಅಂತ ನನಗೆ ಮೊದಲಿಂದ ಗೊತ್ತಿತ್ತು. ಬೇಕಂತಲೇ ಹೇಳಿರಲಿಲ್ಲ. ಯಾಕೆಂದರೆ ಟರ್ನರ್ ಅಣ್ಣ ಜೀವನದಲ್ಲಿ ಒಂದೇ ಒಂದು ಕೆಲಸ ತಪ್ಪು ಮಾಡಿದ್ದರು, ಉಳಿದಿದ್ದೂ ಅದೇ.

ಶೆಡ್ಡಿನ ರಸ್ತೆಯ ಮೂಲೆಯಲ್ಲಿ ಒಬ್ಬ ಅಕ್ಕ ಕಬ್ಬಿನ ಹಾಲಿನ ಗಾಡಿ ಇಟ್ಟಿದ್ದಾರೆ. ಕಬ್ಬು ಹಿಂಡುವ ಆ ಮೆಷಿನ್‌ನ ದೊಡ್ಡ ಚಕ್ರಕ್ಕೆ ಹೊಸ ಶಾಫ್ಟು, ಅದನ್ನು ಹಿಡಿಯುವ ನಟ್ಟು ಎರಡನ್ನೂ ಟರ್ನರ್ ಅಣ್ಣನೇ ಮಾಡಿಕೊಟ್ಟಿದ್ದರು. ಥ್ರೆಡ್, ಅಂದರೆ ನಟ್ಟು ತಿರುಗಿ ಕೂರುವ ಸುರುಳಿ ಗೆರೆ, ಉಲ್ಟಾ ಬಿದ್ದಿತ್ತು. ಬೇರೆ ಎಲ್ಲಾ ನಟ್ಟು ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತವೆ, ಇದು ಎಡಕ್ಕೆ. ಅಕ್ಕ ಊಟಕ್ಕೆ ಹೋಗಿದ್ದಾಗ ಬೇರಿಂಗ್ ಹಾಕಲು ಬಂದ ಮೆಕ್ಯಾನಿಕ್ ಒಂದು ಗಂಟೆ ಒದ್ದಾಡಿ, ಶೆಡ್ಡಿಗೇ ಬಂದು ಬೈದು ಹೋದ. ಅವತ್ತು ಎಲ್ಲರೂ ನಕ್ಕರು. ಟರ್ನರ್ ಅಣ್ಣನಿಗೆ ಎಡಬಲ ಮರೆತುಹೋಗಿದೆ, ಚಪ್ಪಲಿ ಸರಿಯಾಗಿ ಹಾಕಿಕೊಂಡಿದ್ದಾರಾ ನೋಡ್ರೋ ಅಂದರು. ನಾನೂ ನಕ್ಕೆ. ಜೋರಾಗಿ. ಅವರು ತಿರುಗಿ ಮೆಷಿನ್ ಆನ್ ಮಾಡಿದರು...

ಮಗನಿಗೆ ಅಪ್ಪನ ತಪ್ಪನ್ನು ತೋರಿಸುವುದು ಹೇಗೆ? ಬರಿಗೈಯಲ್ಲಿ ಕಳಿಸುವುದಕ್ಕಿಂತ ವಾಸಿ ಅಂತ ಕರೆದುಕೊಂಡು ಹೋದೆ. ದಾರಿಯಲ್ಲೇ ಎಲ್ಲ ಹೇಳಿಬಿಟ್ಟೆ. ಹುಡುಗ ಯಾರ ಮಗ ಅಂತ ಗೊತ್ತಾದ ಮೇಲೆ ಅಕ್ಕ ಮೆಷಿನ್ ನಿಲ್ಲಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಅವನ ಗಲ್ಲ ಮುಟ್ಟಿದರು. ಥ್ರೆಡ್ ತಪ್ಪಿದ ನಟ್ಟು ಇದೇ ಅಂತ ನಾನು ಬೆರಳು ತೋರಿಸಿದೆ. ಅಕ್ಕ ನನ್ನ ಕಡೆ ತಿರುಗಿದರು.

"ತಪ್ಪು ಅಂತ ಯಾವನೋ ಹೇಳಿದ್ದು? ಮೊದ್ಲು ಇದು ವಾರಕ್ಕೊಂದ್ಸಲ ಲೂಸಾಗ್ತಿತ್ತು. ಒಂದಿನ ಚಕ್ರ ಕಿತ್ಕೊಂಡು ನನ್ ಕಾಲ್ ಪಕ್ಕಾನೇ ಬಿತ್ತು. ನಿಮ್ಮ ಟರ್ನರು ಬಂದು ಕೂತು ಚಕ್ರ ತಿರುಗೋದನ್ನೇ ನೋಡ್ದ. ಅದು ತಿರುಗೋ ಕಡೆಗೇ ನಟ್ಟು ಬಿಚ್ಕೊತಾ ಇದೆ ಅಕ್ಕ, ಉಲ್ಟಾ ಥ್ರೆಡ್ ಹಾಕ್ತೀನಿ, ತಿರುಗ್ದಷ್ಟೂ ಬಿಗಿಯಾಗ್ಲಿ ಅಂದ. ಅವತ್ತಿಂದ ಒಂದ್ಸಲಾನೂ ಅಲ್ಲಾಡಿಲ್ಲ. ಕಬ್ಬಿಣದ ಕೆಲ್ಸ ಮಾಡೋನು ನೀನು, ನಿಂಗೆ ಗೊತ್ತಾಗಿಲ್ವಾ?"

ನನ್ನ ಮುಖ ಬಿಸಿಯಾಯಿತು. ಸೈಕಲ್‌ನ ಎಡಗಡೆ ಪೆಡಲ್‌ಗೆ ಇರುವುದೂ ಉಲ್ಟಾ ಥ್ರೆಡ್ಡೇ. ನೂರು ಸಲ ಬಿಚ್ಚಿದ್ದೇನೆ. ಯಾರೋ ನಕ್ಕರು ಅಂತ ನಕ್ಕು, ಇಷ್ಟು ವರ್ಷ ಅದನ್ನೇ ನಂಬಿಕೊಂಡಿದ್ದೆ.

ಹುಡುಗ ಒಂದು ಸಲ ಬಿಚ್ಚಿ ನೋಡಲಾ ಅಂತ ಕೇಳಿದ. ಅಕ್ಕ ಸ್ಪ್ಯಾನರ್ ಕೊಟ್ಟರು. ಗೊತ್ತಿದ್ದರೂ ಅಭ್ಯಾಸದ ಮೇಲೆ ಅವನು ಎಲ್ಲರ ಹಾಗೆ ಎಡಕ್ಕೆ ಎಳೆದ. ನಟ್ಟು ಜಗ್ಗಲಿಲ್ಲ.

"ಆ ಕಡೆ ಅಲ್ಲ ಮಗಾ," ಅಂದರು ಅಕ್ಕ. "ಅದು ನಿಮ್ಮಪ್ಪ ಮಾಡಿದ್ದು. ಈ ಕಡೆ ತಿರುಗ್ಸು."

ಬಲಕ್ಕೆ ತಿರುಗಿಸಿದ. ಬಂತು. ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಬೇಕಾದ್ರೆ ತಗೊಂಡು ಹೋಗು, ನಾನು ಬೇರೆ ಮಾಡಿಸ್ಕೋತೀನಿ ಅಂದರು ಅಕ್ಕ. ಬೇಡ, ಕೆಲಸ ಮಾಡುತ್ತಿದೆಯಲ್ಲ ಅಂತ ಹೇಳಿ ಅವನೇ ವಾಪಸ್ ಹಾಕಿ ಬಿಗಿ ಮಾಡಿದ. ಆಮೇಲೆ ಕ್ಯಾಮೆರಾ ನನ್ನ ಕಡೆ ಹಿಡಿದ. ನಾನೂ ನಕ್ಕಿದ್ದೆ ಅಂತ ಹೇಳಿದೆ. ಅದು ನನ್ನ ತಪ್ಪು, ಅವರದಲ್ಲ ಅಂತ ಹೇಳಿದೆ.

ಸಿನಿಮಾ ಕಳಿಸಿದ್ದಾನೆ. ಎಂಟು ನಿಮಿಷ ಇದೆ. ನಾನು ನಕ್ಕಿದ್ದೆ ಅಂದದ್ದನ್ನು ತೆಗೆದಿಲ್ಲ, ತೆಗೆಯದಿದ್ದದ್ದೇ ಒಳ್ಳೆಯದಾಯಿತು. ಮಾವನನ್ನು ಕೂರಿಸಿ ತೋರಿಸಿದನಂತೆ. ಅವರು ಏನಂದರೋ ನಾನು ಕೇಳಲಿಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಎಲ್ಲರಿಗೂ ತೋರಿಸಿದೆ. ಯಾರು ಗುರು ಈ ಟರ್ನರು ಅಂತ ಒಬ್ಬ ಕೇಳಿದ. ಅವರ ಪಕ್ಕದ ಮೆಷಿನ್‌ನಲ್ಲಿ ಮೂರು ವರ್ಷ ನಿಂತಿದ್ದವನು ನಾನು ಅಂದೆ. ಯಾರ ಮುಂದೆ ಬೇಕಾದರೂ ಎದೆ ಎತ್ತಿ ಹೇಳುತ್ತೇನೆ. ಟರ್ನರ್ ಅಣ್ಣನ ಮುಂದೆ ಹೇಳುವುದಕ್ಕೆ ಮಾತ್ರ ಆಗಲಿಲ್ಲ.